ಕಾವಲಿ ಪಳಗಿಸಲೋ, ನಾನ್‌ಸ್ಟಿಕ್ಕೇ ಇರಲೋ?

ಪ್ರಶ್ನೆ: ಮನೆಯಲ್ಲಿ ನಾವಿಬ್ಬರು, ಆರು ವರ್ಷದ ಮಗಳು. ಮೂರು ವರ್ಷದ ಹಿಂದೆ ತಂದ ನಾನ್‌ಸ್ಟಿಕ್ ತವಾದ ಮಧ್ಯೆ ಗೆರೆ ಬಿದ್ದು ಒಳಗಿನ ಬಿಳಿ ಲೋಹ ಕಾಣುತ್ತಿದೆ. ದೋಸೆ, ಅಕ್ಕಿ ರೊಟ್ಟಿ, ಚಪಾತಿ, ಆಮ್ಲೆಟ್ ಎಲ್ಲವೂ ಅದರಲ್ಲೇ. ನಾನ್‌ಸ್ಟಿಕ್‌ನಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ಮೆಸೇಜ್ ಓದಿದ ಮೇಲೆ ಭಯವಾಗಿದೆ. ಅತ್ತೆ ಊರಿಂದ ತಮ್ಮ ಹಳೇ ಕಬ್ಬಿಣದ ಕಾವಲಿ ಕೊಟ್ಟಿದ್ದಾರೆ. ಆದರೆ ಅದರಲ್ಲಿ ಹುಯ್ದ ದೋಸೆ ಒಂದೂ ಏಳುವುದಿಲ್ಲ. ಗ್ಯಾಸ್ ಜೊತೆಗೆ ಇಂಡಕ್ಷನ್ ಒಲೆಯೂ ಇದೆ. ಇರುವುದನ್ನೆಲ್ಲ ಬದಲಾಯಿಸಬೇಕಾ? ಏನು ಕೊಳ್ಳಲಿ?

ಉತ್ತರ: ಮೊದಲು ಆ ತವಾದ ಮಾತು ಮುಗಿಸೋಣ. ಬಿಳಿ ಲೋಹ ಕಾಣುತ್ತಿದೆ ಅಂದರೆ ಅದರ ಆಯಸ್ಸು ಮುಗಿಯಿತು. ಇವತ್ತೇ ತೆಗೆದಿಡಿ. ಇಷ್ಟು ದಿನ ಅದರಲ್ಲಿ ಮಾಡಿ ತಿಂದದ್ದಕ್ಕೆ ಹೆದರಬೇಡಿ. ಎದ್ದು ಬಂದ ಲೇಪನದ ಚೂರು ಹೊಟ್ಟೆಗೆ ಹೋದರೂ ಅದು ಕರಗುವುದಿಲ್ಲ, ರಕ್ತ ಸೇರುವುದಿಲ್ಲ, ಹೋದ ಹಾಗೇ ಹೊರಗೆ ಬರುತ್ತದೆ. ಆದರೆ ಅಂಟದಿರುವುದೇ ಅದರ ಕೆಲಸ. ಆ ಗುಣ ಹೋದ ಮೇಲೆ ಇಟ್ಟುಕೊಂಡು ಏನು ಪ್ರಯೋಜನ?

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಮಾತು. 'ಎಲ್ಲವೂ ಅದರಲ್ಲೇ' ಅಂದಿದ್ದೀರಿ. ದೋಸೆ, ಅಕ್ಕಿ ರೊಟ್ಟಿ, ಚಪಾತಿ, ಆಮ್ಲೆಟ್, ಈ ನಾಲ್ಕಕ್ಕೂ ಬೇಕಾದ ಕಾವು ಬೇರೆ ಬೇರೆ. ನಾನ್‌ಸ್ಟಿಕ್ ನಿಜವಾಗಿ ಒಗ್ಗುವುದು ಅದರಲ್ಲಿ ಒಂದಕ್ಕೆ, ಹೆಚ್ಚೆಂದರೆ ಒಂದೂವರೆಗೆ. ನಿಮ್ಮ ತವಾ ಮೂರೇ ವರ್ಷಕ್ಕೆ ಹಾಳಾದದ್ದು ಬಹುಶಃ ದೋಸೆಯಿಂದ ಅಲ್ಲ, ಚಪಾತಿಯಿಂದ. ಯಾಕೆ ಅಂತ ಹೇಳುತ್ತೇನೆ.

ನಾನ್‌ಸ್ಟಿಕ್ ಪಾತ್ರೆಯ ಮೇಲಿರುವ ಆ ಜಾರುವ ಪದರಕ್ಕೆ ಪಿಟಿಎಫ್‌ಇ ಎಂದು ಹೆಸರು. ಟೆಫ್ಲಾನ್ ಅಂದರೆ ಎಲ್ಲರಿಗೂ ಗೊತ್ತು. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರಿನೊಳಗೆ ಮೇಣದಂಥ ಬಿಳಿ ಪುಡಿ ಸಿಕ್ಕಿತು. ಯಾವುದಕ್ಕೂ ಅಂಟದ ಪುಡಿ. ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಅಂಟಿಸುವ ದಾರಿಯನ್ನು ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಕಂಡುಕೊಂಡು, 1956ರಲ್ಲಿ ಟೆಫಾಲ್ ಕಂಪನಿ ಶುರುವಾಯಿತು. ಇದು ತಣ್ಣಗಿರುವಾಗ, ಹದವಾದ ಬಿಸಿಯಲ್ಲಿ ಇರುವಾಗ ಯಾವ ತಂಟೆಗೂ ಹೋಗದ ವಸ್ತು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಡಲು ಶುರುವಾಗುತ್ತದೆ. 350 ದಾಟಿದರೆ ಒಡೆದು ವಿಷದ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಹಕ್ಕಿಗಳು ಮಾತ್ರ ತಡೆಯುವುದಿಲ್ಲ, ಅಷ್ಟು ಸೂಕ್ಷ್ಮ ಅವುಗಳ ಶ್ವಾಸಕೋಶ. ಮನೆಯಲ್ಲಿ ಲವ್‌ಬರ್ಡ್ಸ್ ಸಾಕಿದ್ದೀರಿ ಅಂದಿದ್ದರೆ ನಾನ್‌ಸ್ಟಿಕ್ ಬೇಡವೇ ಬೇಡ ಅಂತ ಒಂದೇ ಸಾಲಲ್ಲಿ ಬರೆದು ಮುಗಿಸುತ್ತಿದ್ದೆ.

260 ಡಿಗ್ರಿ ಅಂದರೆ ಅಡುಗೆಮನೆಯಲ್ಲಿ ಎಷ್ಟು? ಪಾತ್ರೆಯಲ್ಲಿ ನೀರಿನ ಅಂಶ ಇರುವವರೆಗೂ ಕಾವು 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಲ್ಯ, ಉಪ್ಪಿಟ್ಟು, ಗೊಜ್ಜು ಯಾವುದೂ ಅಪಾಯದ ಹತ್ತಿರಕ್ಕೂ ಹೋಗುವುದಿಲ್ಲ. ತುಪ್ಪ ಹೊಗೆಯಾಡುವುದು ಸುಮಾರು 250ಕ್ಕೆ. ಹಾಗಾಗಿ ನಾನ್‌ಸ್ಟಿಕ್ ಮೇಲೆ ಹಾಕಿದ ತುಪ್ಪ ಹೊಗೆ ಬಿಟ್ಟರೆ ಗಡಿಯ ಮೇಲೆ ನಿಂತಿದ್ದೀರಿ ಅಂತ ತಿಳಿಯಿರಿ. ತಕ್ಷಣ ಒಲೆ ಆರಿಸಿ. ಖಾಲಿ ತವಾಗೆ ಇಂಥ ಎಚ್ಚರಿಕೆಯೂ ಇರುವುದಿಲ್ಲ. ದೊಡ್ಡ ಉರಿಯಲ್ಲಿ ಖಾಲಿ ಇಟ್ಟರೆ ಕೆಲವೇ ನಿಮಿಷ ಸಾಕು, ಇಂಡಕ್ಷನ್ ಮೇಲೆ ಇನ್ನೂ ಬೇಗ. ಈಗ ಚಪಾತಿ ನೆನೆಸಿಕೊಳ್ಳಿ. ಎಣ್ಣೆ ಇಲ್ಲ, ನೀರಿಲ್ಲ. ತವಾ ಚೆನ್ನಾಗಿ ಕಾದ ಮೇಲೇ ಚಪಾತಿ ಉಬ್ಬುವುದು. ಒಂದು ಬೇಯಿಸಿ ಇನ್ನೊಂದು ಲಟ್ಟಿಸುವವರೆಗೆ ತವಾ ಖಾಲಿ ಉರಿಯಲ್ಲಿ ಕೂತಿರುತ್ತದೆ. ದಿನಾ ಹೀಗೆ ಆದರೆ ಲೇಪನ ಬಳಲದೆ ಇನ್ನೇನು ಮಾಡೀತು? ಜೋಳದ ರೊಟ್ಟಿಯಂತೂ ಇನ್ನೂ ಜೋರು ಕಾವು ಕೇಳುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿ ಹಂಚು ಕಬ್ಬಿಣದ್ದೇ ಆಗಿ ಉಳಿದಿರುವುದು ಸುಮ್ನೆ ಅಲ್ಲ.

2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ನಾನ್‌ಸ್ಟಿಕ್‌ಗೆ 170 ಡಿಗ್ರಿಯ ಗಡಿ ಹಾಕಿದ್ದಾರೆ. ನಿಮಗೆ ಬಂದ ಮೆಸೇಜು ಅದನ್ನೇ ಹಿಗ್ಗಿಸಿ ಬರೆದದ್ದಿರಬಹುದು. ನಾನು ಮೇಲೆ ಹೇಳಿದ ಅಂಕಿಗೂ ಇದಕ್ಕೂ ತುಂಬ ಅಂತರ ಇದೆ ನಿಜ. ಮನೆಯಲ್ಲಿ ಯಾರೂ ಥರ್ಮಾಮೀಟರ್ ಹಿಡಿದು ಅಡುಗೆ ಮಾಡುವುದಿಲ್ಲವಲ್ಲ. ಇಷ್ಟು ದೂರದಲ್ಲೇ ನಿಲ್ಲಿ ಅಂತ ಹೇಳುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಸಣ್ಣ ಅಥವಾ ಮಧ್ಯಮ ಉರಿ, ಪಾತ್ರೆಯಲ್ಲಿ ಯಾವಾಗಲೂ ಏನಾದರೂ ಇರಬೇಕು. ಇಷ್ಟು ಪಾಲಿಸಿದರೆ ಅಪಾಯದ ಕಾವಿನಿಂದ ದೂರವೇ ಇರುತ್ತೀರಿ.

ಕ್ಯಾನ್ಸರ್ ಮಾತು ಬಂದದ್ದು ಇನ್ನೊಂದು ವಸ್ತುವಿನಿಂದ. ಅದರ ಹೆಸರು ಪಿಎಫ್‌ಓಎ. ಟೆಫ್ಲಾನ್ ತಯಾರಿಸುವಾಗ ಕಾರ್ಖಾನೆಯಲ್ಲಿ ಬಳಸುತ್ತಿದ್ದ ರಾಸಾಯನಿಕ ಅದು. ಸಿದ್ಧ ತವಾದಲ್ಲಿ ಉಳಿಯುತ್ತಿದ್ದದ್ದು ಅತಿ ಕಡಿಮೆ. ನಿಜವಾಗಿ ಅದರ ಪೆಟ್ಟು ತಿಂದವರು ಕಾರ್ಖಾನೆಯ ಸುತ್ತಲಿನ ಜನ. ಅಮೆರಿಕದ ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಅದು ಕುಡಿಯುವ ನೀರಿಗೇ ಸೇರಿತು. ಸುಮಾರು ಮೂರೂವರೆ ಸಾವಿರ ಮೊಕದ್ದಮೆಗಳು ನಡೆದು, 2017ರಲ್ಲಿ ಡ್ಯುಪಾಂಟ್ ಮತ್ತು ಅದರಿಂದ ಬೇರೆಯಾದ ಕೆಮೋರ್ಸ್ ಸೇರಿ 67 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಲು ಒಪ್ಪಿದವು. ಕೊಳೆಯದೆ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2019ರಲ್ಲಿ ಪಿಎಫ್‌ಓಎ ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವು ಎಂದು ಗುರುತಿಸಿದ ಗುಂಪಿಗೆ, ಹಾಕಿತು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳ ಮೇಲೆ ಪಿಎಫ್‌ಓಎ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಸಾಲು ಓದಿ ಪೂರ್ತಿ ನೆಮ್ಮದಿ ಪಡಬೇಡಿ. ಲೇಪನ ಈಗಲೂ ಅದೇ ಟೆಫ್ಲಾನ್ ಆಗಿರಬಹುದು, ತಯಾರಿಕೆಯಲ್ಲಿ ಅದೇ ಕುಲದ ಬೇರೆ ರಾಸಾಯನಿಕ ಬಳಸಿರಬಹುದು. ಈ ಕುಲದ ವಸ್ತುಗಳು ಮಣ್ಣು ನೀರಿನಲ್ಲಿ ಕೊಳೆಯದೆ ಉಳಿಯುತ್ತವೆ. ನಿಮ್ಮ ಮಗಳ ತಟ್ಟೆಗೆ ಇದರಿಂದ ದೊಡ್ಡ ಅಪಾಯ ಇಲ್ಲ. ಆದರೂ ನಾನು ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಒಂದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಕಾರ್ಖಾನೆ ಪಕ್ಕದಲ್ಲಿರುವವರ ನೀರು ಕೂಡ ನನ್ನ ಲೆಕ್ಕಕ್ಕೆ ಬರುತ್ತದೆ.

ಸೆರಾಮಿಕ್ ಲೇಪನದ ಬಾಣಲೆಗಳಲ್ಲಿ ಟೆಫ್ಲಾನ್ ಇರುವುದಿಲ್ಲ, ಮರಳಿನ ಅಂಶದಿಂದ ಮಾಡಿದ ಪದರ ಅದು. ಬಿಸಿಗೆ ಹೆಚ್ಚು ತಡೆಯುತ್ತದೆ. ಆದರೆ ಜಾರುವ ಗುಣ ಬೇಗ ಹೋಗುತ್ತದೆ. ದಿನಾ ಬಳಸಿದರೆ ವರ್ಷದೊಳಗೇ ಅಂಟಲು ಶುರುವಾದದ್ದನ್ನು ನೋಡಿದ್ದೇನೆ.

ಈಗ ಅತ್ತೆಯ ಕಾವಲಿಗೆ ಬರೋಣ. ಹೊಸ ಪಾತ್ರೆ ನೋಡುವ ಮೊದಲು ಅದನ್ನು ಪಳಗಿಸಿ ಅಂತ ನನ್ನ ಸಲಹೆ. ಇಷ್ಟು ವರ್ಷ ದೋಸೆ ಕೊಟ್ಟ ಕಾವಲಿ ನಿಮ್ಮ ಮನೆಗೆ ಬಂದು ಯಾಕೆ ಮುನಿಸಿಕೊಂಡಿತು? ಒಂದೋ ಬರುವಾಗ ಯಾರೋ ಸ್ಟೀಲ್ ನಾರು ಹಾಕಿ ಸೋಪಿನಲ್ಲಿ ಹೊಳೆಯುವ ಹಾಗೆ ತಿಕ್ಕಿದ್ದಾರೆ, ಇಲ್ಲ ನಡುವೆ ಬಹಳ ದಿನ ಸುಮ್ನೆ ಕೂತು ತುಕ್ಕು ಹಿಡಿದಿದೆ. ಹಳೇ ಕಾವಲಿಯ ಕಪ್ಪು ಮೈ ಕೊಳೆ ಅಲ್ಲ. ತೆಳ್ಳಗೆ ಸವರಿದ ಎಣ್ಣೆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಹಿಡಿದುಕೊಂಡ ಪದರ ಅದು. ಬಣ್ಣ ಒಣಗಿ ಗಟ್ಟಿಯಾಗುತ್ತದಲ್ಲ, ಹಾಗೆ. ಆ ಪದರ ಹೋದರೆ ಮತ್ತೆ ಕಟ್ಟಬೇಕು, ಅಷ್ಟೇ.

ಒಂದು ರಜಾ ದಿನ ಬೆಳಿಗ್ಗೆ ಕೂತುಕೊಳ್ಳಿ. ತುಕ್ಕು ಇದ್ದರೆ ನಾರಿನಿಂದ ಪೂರ್ತಿ ಉಜ್ಜಿ ತೆಗೆಯಿರಿ. ತೊಳೆದು, ಒಲೆ ಮೇಲಿಟ್ಟು ಕೊನೆಯ ಹನಿ ಆರುವವರೆಗೆ ಒಣಗಿಸಿ. ಕೈಗೆ ಬೆಚ್ಚಗೆ ಅನ್ನಿಸುವಾಗ ಅರ್ಧ ಚಮಚ ಎಣ್ಣೆ ಹಾಕಿ ಹತ್ತಿ ಬಟ್ಟೆಯಿಂದ ಎಲ್ಲ ಕಡೆ ಸವರಿ. ಆಮೇಲೆ ಇನ್ನೊಂದು ಒಣ ಬಟ್ಟೆ ತಗೊಂಡು, ಎಣ್ಣೆ ಹಾಕಿದ್ದೇ ತಪ್ಪಾಯಿತು ಅನ್ನುವ ಹಾಗೆ ಪೂರ್ತಿ ಒರೆಸಿಬಿಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಎಣ್ಣೆ ಜಾಸ್ತಿಯಾದರೆ ಪದರ ಗಟ್ಟಿಯಾಗದೆ ಅಂಟಂಟಾಗುತ್ತದೆ, ಬೆರಳಿಗೆ ಹಲಸಿನ ಮೇಣದ ಹಾಗೆ ಹತ್ತುತ್ತದೆ. ಒರೆಸಿದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಹೊಗೆ ಬರುವವರೆಗೆ ಕಾಯಿಸಿ, ಹೊಗೆ ಪೂರ್ತಿ ನಿಂತ ಮೇಲೆ ಆರಿಸಿ. ಕಿಟಕಿ ತೆಗೆದಿರಲಿ. ತಣಿದ ಮೇಲೆ ಮತ್ತೆ ಇದೇ ಕ್ರಮ. ನಾಲ್ಕೈದು ಸಲ ಆದಾಗ ಬೂದು ಬಣ್ಣ ಹೋಗಿ ಕಂದು, ಆಮೇಲೆ ಕಪ್ಪು ಬರುತ್ತದೆ.

ಎಣ್ಣೆ ಯಾವುದು? ಸೂರ್ಯಕಾಂತಿ ಒಳ್ಳೆಯದು, ಎಳ್ಳೆಣ್ಣೆಯೂ ನಡೆಯುತ್ತದೆ. ಕರಾವಳಿಯವರು ಕೊಬ್ಬರಿ ಎಣ್ಣೆ ಹಾಕಿ 'ಪದರವೇ ಕಟ್ಟುತ್ತಿಲ್ಲ' ಅಂತ ನನ್ನನ್ನು ಕೇಳುತ್ತಾರೆ. ಕೊಬ್ಬರಿ ಎಣ್ಣೆಯ ಕೊಬ್ಬು ಹೀಗೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಪಳಗಿಸಲು ಬೇರೆ ಎಣ್ಣೆ ಬಳಸಿ, ನೀರುದೋಸೆಗೆ ಸವರಲು ಧಾರಾಳವಾಗಿ ಕೊಬ್ಬರಿ ಎಣ್ಣೆ ಹಾಕಿ.

ಮೊದಲ ದಿನ ದೋಸೆ ಹೇಗೆ ಹುಯ್ಯಬೇಕು ಅನ್ನುವುದು ಅಷ್ಟೇ ಮುಖ್ಯ. ಹಿಟ್ಟನ್ನು ಫ್ರಿಜ್ಜಿನಿಂದ ನೇರ ತಂದು ಹುಯ್ಯಬೇಡಿ, ಅರ್ಧ ಗಂಟೆಯಾದರೂ ಹೊರಗೆ ಇರಲಿ. ಕಾವಲಿಯನ್ನು ಮಧ್ಯಮ ಉರಿಯಲ್ಲಿ ನಿಧಾನ ಕಾಯಿಸಿ. ನೀರು ಚಿಮುಕಿಸಿದರೆ ಚುಂಯ್ ಅಂದು ಆರಬೇಕು. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಮೈತುಂಬ ಉಜ್ಜಿ. ಉರಿ ಸಣ್ಣ ಮಾಡಿ ಹಿಟ್ಟು ಹುಯ್ದು ಹರಡಿ, ಆಮೇಲೆ ಉರಿ ಏರಿಸಿ. ಹಿಟ್ಟು ಸೌಟಿನ ಜೊತೆ ಎದ್ದು ಬಂದರೆ ಕಾವಲಿ ಅತಿ ಬಿಸಿ ಇದೆ ಅಂತ ಅರ್ಥ. ಒಂದು ಚಿಮುಕು ನೀರು ಹಾಕಿ ಒರೆಸಿ ಮತ್ತೆ ಹುಯ್ಯಿರಿ. ದೋಸೆ ಬೇಯುವಾಗ ಸಟ್ಟುಗ ಮುಟ್ಟಬೇಡಿ. ಅಂಚು ತಾನೇ ಮೇಲೆದ್ದು ಕೆಂಪಾದಾಗ ಎಬ್ಬಿಸಿ. ಬೆಂದ ದೋಸೆ ತಾನಾಗಿ ಬಿಡುತ್ತದೆ, ಬೇಯದ ದೋಸೆಯನ್ನು ಎಬ್ಬಿಸಲು ಹೋದರೆ ಹರಿಯುತ್ತದೆ. ಮೊದಲ ಎರಡು ಮೂರು ದಪ್ಪ, ಸಣ್ಣ ದೋಸೆ ಮಾಡಿ. ಆ ದಿನ ತೆಳು ಮಸಾಲೆ ದೋಸೆಗೆ ಕೈ ಹಾಕಬೇಡಿ.

ಇದಕ್ಕೆಲ್ಲ ಸಿಗುವ ಫಲ ಏನು ಗೊತ್ತಾ? ಗರಿಗರಿ ದೋಸೆ. ನಾನ್‌ಸ್ಟಿಕ್ ತವಾ ಸಾಮಾನ್ಯವಾಗಿ ಹಗುರ ಅಲ್ಯೂಮಿನಿಯಂ. ಹಿಟ್ಟು ಬಿದ್ದ ತಕ್ಷಣ ಅದರ ಕಾವು ಇಳಿದುಬಿಡುತ್ತದೆ. ಮೇಲ್ಮೈ ಜಾರುವುದರಿಂದ ಹಿಟ್ಟಿಗೆ ಹಿಡಿತವೂ ಸಿಗುವುದಿಲ್ಲ, ಸೌಟು ತಿರುಗಿಸಿದ ಕಡೆಗೆ ಮುದ್ದೆಯಾಗಿ ಜಾರುತ್ತದೆ. ತೂಕದ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಂಡು ಕೆಳಗಿನಿಂದ ಒಂದೇ ಸಮ ಕೊಡುತ್ತದೆ. ನಿಮ್ಮೂರಿನ ಯಾವ ಒಳ್ಳೆಯ ದೋಸೆ ಹೋಟೆಲಿನ ಒಲೆ ನೋಡಿದರೂ ದಪ್ಪ ಕಬ್ಬಿಣದ ಹಾಸೇ ಇರುತ್ತದೆ, ಅಲ್ವಾ?

ಆ ಕಾವಲಿಯಲ್ಲಿ ಚಪಾತಿ ಮಾಡಬೇಡಿ. 'ದೋಸೆ ಕಾವಲಿ ಬೇರೆ, ಚಪಾತಿ ತವಾ ಬೇರೆ' ಅಂತ ನಮ್ಮಜ್ಜಿ ಗದರುತ್ತಿದ್ದರು, ಚಿಕ್ಕವಳಿದ್ದಾಗ ಅದು ಬರೀ ಮಡಿಯ ಮಾತು ಅಂದುಕೊಂಡಿದ್ದೆ. ಚಪಾತಿಯ ಒಣ ಕಾವಿಗೆ ಎಣ್ಣೆಯ ಪದರ ಸುಟ್ಟುಹೋಗುತ್ತದೆ, ಉದುರಿದ ಹಿಟ್ಟು ಸೀದು ಅಲ್ಲಲ್ಲೇ ಹಿಡಿಯುತ್ತದೆ. ಮರುದಿನದ ದೋಸೆ ಸರಿಯಾಗಿ ಅಲ್ಲೇ ಅಂಟುತ್ತದೆ. ಚಪಾತಿಗೆ ಒಂದು ಸಾಧಾರಣ ಕಬ್ಬಿಣದ ಹಾಳೆಯ ತವಾ ತಂದುಕೊಳ್ಳಿ. ಅದಕ್ಕೆ ಪಳಗಿಸುವ ಗೋಜೂ ಇಲ್ಲ.

ಅಕ್ಕಿ ರೊಟ್ಟಿಯದು ಬೇರೆಯೇ ಕಥೆ, ನನಗೆ ಪ್ರೀತಿಯ ಕಥೆ ಕೂಡ. ರೊಟ್ಟಿ ತಟ್ಟಲು ಬಾಣಲೆ ತಣ್ಣಗಿರಬೇಕು, ಬೇಯಲು ಬಿಸಿ ಬೇಕು. ಅಮ್ಮ ಎರಡು ಕಬ್ಬಿಣದ ಬಾಣಲೆ ಇಟ್ಟುಕೊಳ್ಳುತ್ತಿದ್ದರು. ಒಂದು ಒಲೆ ಮೇಲೆ ಇರುವಾಗ ಇನ್ನೊಂದನ್ನು ಬೋರಲು ಹಾಕಿ ಬೆನ್ನಿಗೆ ನೀರು ಸುರಿದು ತಣಿಸುವುದು. ಸುಯ್ಯೆಂದು ಹಬೆ ಏಳುತ್ತಿತ್ತು. ಆ ಅಭ್ಯಾಸ ನಮ್ಮ ಕೈಯಲ್ಲಿ ಹಾಗೇ ಉಳಿದುಬಿಟ್ಟಿದೆ, ನಾನ್‌ಸ್ಟಿಕ್ ತವಾವನ್ನೂ ಬಿಸಿಬಿಸಿಯಾಗಿಯೇ ನಲ್ಲಿ ಕೆಳಗೆ ಹಿಡಿಯುತ್ತೇವೆ. ಹಾಗೆ ಹಿಡಿದಾಗ ಲೋಹ ಒಮ್ಮೆಲೇ ಕುಗ್ಗುತ್ತದೆ, ತಳ ಸೊಟ್ಟಗಾಗುತ್ತದೆ, ಲೇಪನ ಬಿಟ್ಟುಕೊಳ್ಳುತ್ತದೆ. ಸೊಟ್ಟ ತಳ ಇಂಡಕ್ಷನ್ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ಎರಕದ ಕಬ್ಬಿಣಕ್ಕೆ ಹೀಗೆ ಮಾಡಿದರೆ ಬಿರುಕೇ ಬಿಡಬಹುದು. ಅತ್ತೆಯ ಕಾವಲಿ ಎರಕದ್ದಾದರೆ ಎಚ್ಚರ. ದೋಸೆಗೆ ಚಿಮುಕಿಸುವ ನೀರಿನಿಂದ ಏನೂ ಆಗುವುದಿಲ್ಲ, ನಲ್ಲಿ ಕೆಳಗೆ ಮಾತ್ರ ಹಿಡಿಯಬೇಡಿ. ಹಾಗಾಗಿ ರೊಟ್ಟಿಯನ್ನು ಎಣ್ಣೆ ಸವರಿದ ಬಾಳೆ ಎಲೆ ಅಥವಾ ಒದ್ದೆ ಬಟ್ಟೆಯ ಮೇಲೆ ತಟ್ಟಿ, ಕಾದ ಕಾವಲಿಗೆ ಬೋರಲು ಹಾಕಿ ಎಲೆ ಅಥವಾ ಬಟ್ಟೆ ಬಿಡಿಸಿ. ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಬಾಣಲೆಗೇ ತಟ್ಟುವ ರುಚಿಯೇ ಬೇಕು ಅನ್ನಿಸಿದರೆ, ಅದಕ್ಕೆ ನಾನ್‌ಸ್ಟಿಕ್ ಬಳಸಿದರೂ ತಪ್ಪಿಲ್ಲ. ಮುಚ್ಚಳ ಮುಚ್ಚಿ ಹದ ಉರಿಯಲ್ಲಿ ಬೇಯುವ ಅಡುಗೆ ಅದು. ತಾನಾಗಿ ತಣಿಯಲು ಬಿಡಿ. ನಾನು ಮೊದಲೇ ಒಂದೂವರೆ ಅಂದದ್ದು ಇದೇ ಅರ್ಧವನ್ನು ಸೇರಿಸಿ.

ಪೂರ್ತಿ ಒಂದು ಎಂದರೆ ಮೊಟ್ಟೆ. ಮಗಳಿಗೆ ಬೆಳಿಗ್ಗೆ ಗಡಿಬಿಡಿಯಲ್ಲಿ ಆಮ್ಲೆಟ್ ಮಾಡಲು ಒಂದು ಚಿಕ್ಕ ನಾನ್‌ಸ್ಟಿಕ್ ಬಾಣಲೆ ಇಟ್ಟುಕೊಳ್ಳಿ. ತಳ ದಪ್ಪ ಇರಲಿ, ಮರದ ಅಥವಾ ಸಿಲಿಕೋನ್ ಸಟ್ಟುಗ ಬಳಸಿ, ಮೇಲೆ ಬೇರೆ ಪಾತ್ರೆ ಪೇರಿಸಿಡಬೇಡಿ. ಅದರಲ್ಲಿ ಒಗ್ಗರಣೆ ಬೇಡ. ಸಾಸಿವೆ ಸಿಡಿಯಲೆಂದು ಒಂದು ಚಮಚ ಎಣ್ಣೆ ಕಾಯಿಸುವಾಗ ಬಾಣಲೆಯ ಉಳಿದ ಮೈ ಖಾಲಿ ಸುಡುತ್ತಿರುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟೇ ಸರಿ.

ಪಲ್ಯ, ಚಿತ್ರಾನ್ನ, ಉಪ್ಪಿಟ್ಟು, ಗೊಜ್ಜಿಗೆ ಹಣ ಹಾಕುವುದಾದರೆ ಮೂರು ಪದರದ ಸ್ಟೀಲ್ ಬಾಣಲೆಗೆ ಹಾಕಿ. ಬರೀ ಸ್ಟೀಲಿಗೆ ಶಾಖ ಹರಡಲು ಬರುವುದಿಲ್ಲ. ಈ ಕೆಲಸದಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಚುರುಕು. ಅದಕ್ಕೇ ತೆಳು ಸ್ಟೀಲ್ ಪಾತ್ರೆಯಲ್ಲಿ ಉರಿ ಬಿದ್ದ ಜಾಗದಲ್ಲಿ ಮಾತ್ರ ಸೀಯುವುದು. ಮೂರು ಪದರದ್ದರಲ್ಲಿ ಅಲ್ಯೂಮಿನಿಯಂ ನಡುವೆ ಇರುತ್ತದೆ, ಅಡುಗೆಗೆ ತಾಗುವುದು ಸ್ಟೀಲೇ. ಹೊರಮೈ ಅಯಸ್ಕಾಂತ ಹಿಡಿಯುವ ಸ್ಟೀಲ್ ಆದರೆ ಇಂಡಕ್ಷನ್‌ಗೂ ಆಯಿತು. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಒಂದನ್ನು ಕಿತ್ತುಕೊಂಡು ಹೋಗಿ ತಳಕ್ಕೆ ಹಚ್ಚಿ ನೋಡಿ. ಸ್ಟೀಲಿನಲ್ಲಿ ಅಂಟದ ಗುಟ್ಟು ಕಾವಿನಲ್ಲಿದೆ. ಖಾಲಿ ಬಾಣಲೆ ಕಾಯಿಸಿ ಒಂದು ಹನಿ ನೀರು ಹಾಕಿ. ಹರಡಿ ಕುದಿದರೆ ಇನ್ನೂ ಆಗಿಲ್ಲ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉಂಡೆಯಾಗಿ ಓಡಾಡಿದರೆ ಎಣ್ಣೆ ಹಾಕಿ, ಆಮೇಲೆ ಅಡುಗೆ ಹಾಕಿ. ಈ ಪರೀಕ್ಷೆ ನಾನ್‌ಸ್ಟಿಕ್ ಮೇಲೆ ಮಾತ್ರ ಮಾಡಲೇಬಾರದು.

ಹುಳಿ ಇರುವ ಅಡುಗೆಗೆಲ್ಲ ಈ ಸ್ಟೀಲೇ ಸರಿ. ಹುಣಸೆಹುಳಿಯ ಸಾರನ್ನು ಕಬ್ಬಿಣದಲ್ಲಿ ಕುದಿಸಿದರೆ ಕಪ್ಪಾಗುತ್ತದೆ, ನಾಲಿಗೆಗೆ ಲೋಹ ತಾಗುತ್ತದೆ, ನೀವು ಕಷ್ಟಪಟ್ಟು ಕಟ್ಟಿದ ಪದರವೂ ಕರಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆ ಕಲಾಯಿ ಇಲ್ಲದೆ ಹುಳಿಗೆ ಬೇಡ. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಅದನ್ನೂ ಖಾಲಿ ಕಾಯಿಸುವಂತಿಲ್ಲ. ಮಣ್ಣಿನ ಮಡಕೆ ಮೀನು ಸಾರಿಗೆ, ಬಸ್ಸಾರಿಗೆ ಅದ್ಭುತ. ಹೊಳೆಯುವ ಬಣ್ಣ ಬಳಿದದ್ದು ಬಿಟ್ಟು, ಬರೀ ಸುಟ್ಟ ಮಣ್ಣಿನದನ್ನೇ ಕೊಳ್ಳಿ.

ಕಬ್ಬಿಣದ ಕಾವಲಿಯಿಂದ ರಕ್ತಹೀನತೆ ಹೋಗುತ್ತದೆ ಅಂತಲೂ ಹೇಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಹಾಗಾಗಿ ಈ ಆಸೆ ಸಹಜ. ಕಬ್ಬಿಣ ಅಡುಗೆಗೆ ಇಳಿಯುವುದು ನಿಜ. ಆದರೆ ಒದ್ದೆ, ಹುಳಿ ಅಡುಗೆ ಬಹಳ ಹೊತ್ತು ಕುದ್ದಾಗ ಇಳಿಯುವಷ್ಟು ಎರಡು ನಿಮಿಷದ ದೋಸೆಗೆ ಇಳಿಯುವುದಿಲ್ಲ. ಸುಸ್ತು, ಉಸಿರುಗಟ್ಟುವುದು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಾವಲಿಯನ್ನು ನಂಬಿ ಕೂರಬೇಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ಮನೆಯಲ್ಲಿ ಚಿಕ್ಕ ಮಗು ಇದೆ ಅಂದದ್ದಕ್ಕೆ. ಗುರುತು, ಮುದ್ರೆ ಯಾವುದೂ ಇಲ್ಲದ ಅಗ್ಗದ ಅಲ್ಯೂಮಿನಿಯಂ, ಹಿಂಡಾಲಿಯಂ, ಹಿತ್ತಾಳೆ ಪಾತ್ರೆಗಳು ಮನೆಯಲ್ಲಿವೆಯಾ? ನನಗೆ ನಿಮ್ಮ ನಾನ್‌ಸ್ಟಿಕ್‌ಗಿಂತ ಅವುಗಳದ್ದೇ ಜಾಸ್ತಿ ಚಿಂತೆ. ಗುಜರಿ ಲೋಹ ಕರಗಿಸಿ ಎರೆದ ಪಾತ್ರೆಯಲ್ಲಿ ಸೀಸ ಸೇರಿರಬಹುದು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊರದೇಶದಿಂದ ಬಂದ ಇಂಥ ಕೆಲವು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದು ಎಂದು ಎಚ್ಚರಿಸಿತು. ಸೀಸ ಬೆಳೆಯುವ ಮಿದುಳಿಗೆ ಕೆಡುಕು ಮಾಡುತ್ತದೆ, ಇಷ್ಟಾದರೆ ಪರವಾಗಿಲ್ಲ ಅನ್ನುವ ಅಳತೆಯೇ ಅದಕ್ಕಿಲ್ಲ. ಭಾರತ ಸರ್ಕಾರ 2024ರಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ ಮಾಡುವ ಆದೇಶ ಹೊರಡಿಸಿದೆ. ಪಾತ್ರೆಯ ತಳ ತಿರುಗಿಸಿ ಆ ಮುದ್ರೆ ನೋಡಿ. ಅಂಗಡಿಯವರು 'ಎಲ್ಲ ಒಂದೇ ಮಾಲು' ಅಂದರೆ ಒಪ್ಪಬೇಡಿ.

ಕೊಳ್ಳುವ ಕ್ರಮ ಹೀಗಿರಲಿ. ಈ ತಿಂಗಳು ಚಪಾತಿಗೆ ಕಬ್ಬಿಣದ ತವಾ, ಆಮ್ಲೆಟ್‌ಗೆ ಚಿಕ್ಕ ನಾನ್‌ಸ್ಟಿಕ್. ಮುಂದೆ ಕೈ ಬಿಚ್ಚಿದಾಗ ಮೂರು ಪದರದ ಸ್ಟೀಲ್ ಬಾಣಲೆ. ದೋಸೆಗೆ ಅತ್ತೆಯ ಕಾವಲಿ ಇದ್ದೇ ಇದೆ. ಬಳಸಿದ ಮೇಲೆ ಅದನ್ನು ಬಿಸಿ ನೀರಿನಲ್ಲಿ ಮೆತ್ತಗೆ ತೊಳೆದು, ಒಲೆ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿ ಇಡಿ. ಮನೆಕೆಲಸಕ್ಕೆ ಬರುವವರು ಇದ್ದರೆ ಅವರಿಗೂ ಹೇಳಿ, ಆ ಕಾವಲಿ ಸಿಂಕಿಗೆ ಬೀಳದಿರಲಿ. ಎರಡು ವಾರ ಕಳೆದ ಮೇಲೂ ಒಂದೇ ಜಾಗದಲ್ಲಿ ಅಂಟುತ್ತಿದ್ದರೆ ಆ ಜಾಗವನ್ನಷ್ಟೇ ಉಪ್ಪು ಹಾಕಿ ಬಟ್ಟೆಯಿಂದ ತಿಕ್ಕಿ, ಮತ್ತೆ ಎರಡು ಸಲ ಎಣ್ಣೆ ಸವರಿ ಕಾಯಿಸಿ. ಅಲ್ಲಿ ಪದರ ಸರಿಯಾಗಿ ಕೂತಿಲ್ಲ, ಬೇರೇನೂ ಇಲ್ಲ.